ಬಗ್ಗಿ ನೋಡದೆ ಕೊಂಡ ಕಾರು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನಾನು ಕಾರಿನಿಂದ ಇಳಿದು, ಬಾಗಿಲು ಮುಚ್ಚಿ, ಕೈಯಲ್ಲಿದ್ದ ಕೀಯ ಗುಂಡಿ ಒತ್ತಿದೆ. ನಾಲ್ಕೂ ಬಾಗಿಲು ಲಾಕ್ ಆದವು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಳು.

ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಅಮ್ಮನ ಮಾತ್ರೆ ಕಾರಣ. ಮಂಡಿ ಆಪರೇಷನ್ ಆದಮೇಲೆ ಹನ್ನೊಂದೂವರೆಗೆ ಒಂದು ಮಾತ್ರೆ ನುಂಗಬೇಕಿತ್ತು. ಟೈಮೆಷ್ಟು ಅಂತ ಕೇಳಿದಳು. ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿ, ಇನ್ನೂ ಎಂಟು ನಿಮಿಷ ಇದೆ ಎಂದು ಹೇಳಿ ಇಳಿದೆ. ಬಾಗಿಲು ಮುಚ್ಚಿದ ಕೂಡಲೇ ಗುಂಡಿ ಒತ್ತುವುದು ತುಮಕೂರಿನಲ್ಲಿ ಎರಡು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ. ಕಾಲೇಜಿನ ಮುಂದೆ, ತರಕಾರಿ ಅಂಗಡಿಯ ಮುಂದೆ, ಮನೆಯ ಮುಂದೆ ಹಾಗೆಯೇ ಮಾಡುತ್ತೇನೆ. ಒಳಗೆ ಯಾರಿದ್ದಾರೆ ಎಂದು ಬೆರಳು ಕೇಳುವುದಿಲ್ಲ.

ಅದೊಂದು ಭಾನುವಾರ, ಜನವರಿ ತಿಂಗಳು. ಕುಣಿಗಲ್ ದಾಟಿ ಮಾರ್ಕೋನಹಳ್ಳಿ ಕಡೆಗೆ ಹೋಗುತ್ತಿದ್ದೆವು. ಅಲ್ಲಿ ಚಿಕ್ಕಮ್ಮನ ಮನೆಯಿದೆ. ಆಪರೇಷನ್ ಆದಮೇಲೆ ಅಮ್ಮ ಊರು ಬಿಟ್ಟು ಹೊರಟಿದ್ದು ಅದೇ ಮೊದಲು. ಮಂಡಿ ಹೆಚ್ಚು ಮಡಿಸಬಾರದು ಎಂದಿದ್ದರಿಂದ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಹುರುಳಿ ಕಿತ್ತು ಮುಗಿಯುವ ಕಾಲ. ರಸ್ತೆಯ ಮೇಲೆ ಅಲ್ಲಲ್ಲಿ ಒಣಗಿದ ಹುರುಳಿ ಗಿಡವನ್ನು ಮಂಡಿಯುದ್ದ ಹಾಸಿದ್ದರು. ಹೋಗಿಬರುವ ಗಾಡಿಗಳ ಚಕ್ರದಡಿ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಕಣ ಮಾಡುವ, ಎತ್ತಿಗೆ ಒಕ್ಕಣೆಯ ಕಲ್ಲುಗುಂಡು ಕಟ್ಟುವ ಕೆಲಸ ತಪ್ಪುತ್ತದೆ. ರಸ್ತೆಯ ಮೇಲೆ ಹಾಕಬೇಡಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ಜನ ಹಾಕುತ್ತಲೇ ಇರುತ್ತಾರೆ.

ನಾನು ಪಕ್ಕದ ಮಣ್ಣಿಗೆ ಇಳಿಸಿಕೊಂಡು ಹೋಗಲು ನೋಡಿದೆ. ಅಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ರೈತರ ಮನೆಯಲ್ಲಿ ಹುಟ್ಟಿದವಳು. ಹಿಂದಿನಿಂದ ಬೈದಳು.

"ತಪ್ಪಿಸ್ಕೊಂಡು ಹೋಗ್ಬೇಡ ಕಣೇ, ಮೇಲೇ ಹತ್ಸು. ಪಾಪ, ಅವ್ರ ಕೆಲ್ಸ ಒಂಚೂರು ಹಗುರಾಗ್ಲಿ."

ಮೇಲೇ ಹತ್ತಿಸಿದೆ. ನಮ್ಮ ಕಡೆ ಇದನ್ನು ಒಂದು ಉಪಕಾರ ಎಂದೇ ತಿಳಿಯುತ್ತೇವೆ. ಬೈಕಿನವನು ಜಾರುತ್ತಾನೆ ಎಂದು ಪಕ್ಕಕ್ಕೆ ಹೋದರೆ ಒಪ್ಪುತ್ತಾರೆ, ಕಾರಿನವರು ಪಕ್ಕಕ್ಕೆ ಹೋದರೆ ಬಿಂಕ ಎನ್ನುತ್ತಾರೆ. ಹೀಗೆ ಮೂರು ಕಡೆ ಹುರುಳಿಯ ಮೇಲೆ ನಿಧಾನವಾಗಿ ಓಡಿಸಿದೆ. ಮೂರನೆಯದರ ಕೊನೆಯಲ್ಲಿ ಒಬ್ಬ ಗಂಡಸು, ಅವನ ಹೆಂಡತಿ ಕವೆಗೋಲು ಹಿಡಿದು ಗಿಡ ತಿರುವಿ ಹಾಕುತ್ತಿದ್ದರು. ಅಮ್ಮನಿಗೆ ಹೊಸ ಹುರುಳಿಯ ಸಾರು ನೆನಪಾಯಿತು. ಅಂಗಡಿಯ ಹುರುಳಿಗೆ ಹುಳ ಬಿದ್ದಿರುತ್ತೆ, ಇಲ್ಲೇ ಎರಡು ಸೇರು ಕೊಡ್ತಾರೇನೋ ಕೇಳು ಎಂದಳು. ಕಾರನ್ನು ಅಲ್ಲೇ ನಿಲ್ಲಿಸಿದೆ. ಚಕ್ರಗಳು ಇನ್ನೂ ಹುರುಳಿಯ ಮೇಲೇ ಇದ್ದವು.

ಹೆಂಗಸು ಸಂಜೆ ತೂರಿದ ಮೇಲೆ ಕೊಡುತ್ತೇನೆ, ಬರುವಾಗ ತಗೊಂಡು ಹೋಗಿ ಎಂದು ಹೇಳುತ್ತಿದ್ದಳು. ಮಾತಿನ ನಡುವೆ ನನ್ನ ಹಿಂದೆ ನೋಡಿ ನಿಲ್ಲಿಸಿದಳು.

"ಅಕ್ಕಾ, ನಿಮ್ ಗಾಡಿ ಅಡೀಲಿ ಹೊಗೆ ಬತ್ತಾ ಐತೆ."

ನಾನು ಧೂಳು ಅಂದುಕೊಂಡೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು ನಾನು. ಒಣಗಿದ ವಸ್ತು ಯಾವ ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದು ಹದಿನೆಂಟು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಆದರೂ ಧೂಳು ಅಂದುಕೊಂಡೆ. ಆಮೇಲೆ ಮುಂದಿನ ಚಕ್ರದ ಹಿಂದೆ ಕಿತ್ತಳೆ ಬಣ್ಣ ಕಂಡಿತು.

ಇಲ್ಲಿಂದ ಮುಂದಿನದು ನಾಲ್ಕು ನಿಮಿಷವೂ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ನೂರಾರು ಸಲ ಓಡಿಸಿ ನೋಡಿದ್ದೇನೆ, ಪ್ರತಿ ಸಲವೂ ಹೆಚ್ಚು ಹೊತ್ತು ಹಿಡಿಯುತ್ತದೆ. ಓಡಿದೆ. ಅಮ್ಮ ಒಳಗಿನಿಂದ ಬಾಗಿಲ ಹಿಡಿ ಎಳೆಯುತ್ತಿದ್ದಳು. ಕಾರಿನ ಹಿಂದಿನ ಒಡೆಯರ ಮನೆಯಲ್ಲಿ ಸಣ್ಣ ಮೊಮ್ಮಕ್ಕಳಿದ್ದರು. ಓಡುವಾಗ ಮಕ್ಕಳು ಬಾಗಿಲು ತೆಗೆಯದಿರಲಿ ಎಂದು ಹಿಂದಿನ ಬಾಗಿಲುಗಳಲ್ಲಿರುವ ಸಣ್ಣ ಕೊಂಡಿ ತಿರುಗಿಸಿಟ್ಟಿದ್ದರು. ಅದನ್ನು ಚೈಲ್ಡ್ ಲಾಕ್ ಎನ್ನುತ್ತಾರೆ. ಆಪರೇಷನ್‌ಗೆ ಮೊದಲು ಅಮ್ಮ ಯಾವಾಗಲೂ ಮುಂದೆಯೇ ಕೂರುತ್ತಿದ್ದರಿಂದ ಎರಡು ವರ್ಷವೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಅದು ಬಿದ್ದಿದ್ದರೆ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ಹೊರಗಿನಿಂದ ಬರುತ್ತದೆ. ಆದರೆ ಹೊರಗಿನಿಂದಲೂ ಬರದ ಹಾಗೆ ನಾನು ಲಾಕ್ ಮಾಡಿದ್ದೆ. ಕೀ ಎತ್ತಿ ಗುಂಡಿ ಒತ್ತಿದೆ. ಕುಂಯ್ ಎಂದಿತು. ಹಿಡಿ ಎಳೆದೆ, ಬರಲಿಲ್ಲ. ಮತ್ತೆ ಅದೇ ಗುಂಡಿ ಒತ್ತಿದ್ದೆ, ಮುಚ್ಚುವ ಗುಂಡಿ. ಇನ್ನೊಂದು ಗುಂಡಿ ಹುಡುಕುವಷ್ಟರಲ್ಲಿ ಕೀ ಕೈಜಾರಿ ಹುರುಳಿಯೊಳಗೆ ಬಿತ್ತು.

ಆ ಗಂಡಸು ನನ್ನನ್ನು ಪಕ್ಕಕ್ಕೆ ತಳ್ಳಿ, ಬದುವಿನ ಮೇಲಿದ್ದ ಗುದ್ದಲಿಯ ಹಿಡಿಯಿಂದ ಡ್ರೈವರ್ ಕಡೆಯ ಗಾಜು ಒಡೆದು, ಕೈ ಒಳಗೆ ಹಾಕಿ ಲಾಕ್ ಎತ್ತಿದ; ನಾಲ್ಕೂ ಬಾಗಿಲಿನ ಲಾಕ್ ಬಿಟ್ಟವು. ಅವನ ಹೆಂಡತಿ ಹಿಂದಿನ ಬಾಗಿಲು ತೆಗೆದು ಅಮ್ಮನ ಕಂಕುಳಿಗೆ ಕೈಕೊಟ್ಟು ಎಳೆದುಕೊಂಡಳು. ಅಮ್ಮನನ್ನು ರಸ್ತೆಯಾಚೆ ಕೂರಿಸಿ ಬಂದು ಕವೆಗೋಲಿನಿಂದ ಕಾರಿನ ಅಡಿಯ ಹುರುಳಿ ಎಳೆದು ಹಾಕಿದಳು. ಅವನು ಗದ್ದೆಯ ಕಾಲುವೆಯಿಂದ ಔಷಧಿ ಹೊಡೆಯುವ ಕ್ಯಾನಿನಲ್ಲಿ ನೀರು ತಂದು ಎರಚಿದ. ಆಮೇಲೆ ಇಬ್ಬರೂ ಮಣ್ಣು ಹಾಕಿದರು. ನಾನು ನೆಲದ ಮೇಲೆ ಕೂತು ಕೀ ಹುಡುಕುತ್ತಿದ್ದೆ. ಬೆಂಕಿ ಆರಿದ ಮೇಲೂ ಹುಡುಕುತ್ತಿದ್ದೆನಂತೆ, ಕೊನೆಗೆ ಆ ಹೆಂಗಸೇ ಅದನ್ನು ಹೆಕ್ಕಿ ಕೊಟ್ಟಳಂತೆ.

ಅಮ್ಮನಿಗೆ ಏನೂ ಆಗಲಿಲ್ಲ. ಹೊಗೆ ಕುಡಿದು ಎರಡು ದಿನ ಕೆಮ್ಮಿದಳು. ಕಾರೂ ಪೂರ್ತಿ ಸುಡಲಿಲ್ಲ.

ಚಿಕ್ಕಮ್ಮನ ಮನೆಯವರು ಬಂದರು. ಹೇಗಾಯಿತು ಎಂದು ಕೇಳಿದಾಗ, ಅಮ್ಮ ಒಳಗಿನಿಂದ ಎಳೆದರೂ ಬಾಗಿಲು ಬಾರದ್ದನ್ನು ಕಂಡಿದ್ದ ಆ ಗಂಡಸು ಚೈಲ್ಡ್ ಲಾಕ್ ಬಿದ್ದಿತ್ತು ಎಂದ. ನಾನು ಹೂಂ ಎಂದೆ. ಅಲ್ಲಿಂದ ಅದೇ ಕತೆಯಾಯಿತು. ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ಅದೇ, ಅಮ್ಮ ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದ್ದೂ ಅದೇ. ಕೀ ಒತ್ತಿದ್ದು ನಾನು ಎಂದು ಯಾರಿಗೂ ಹೇಳಲಿಲ್ಲ. ಅಮ್ಮನಿಗಂತೂ ಹೇಳಲಿಲ್ಲ. ನಮ್ಮ ಮನೆಯಲ್ಲಿರುವುದು ನಾವಿಬ್ಬರೇ.

ಕಾರನ್ನು ಲಾರಿಗೆ ಏರಿಸಿ ತುಮಕೂರಿಗೆ ತಂದು ಗುಬ್ಬಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಮೆಕ್ಯಾನಿಕ್ ಐವತ್ತರ ಆಸುಪಾಸಿನವನು, ಹೆಚ್ಚು ಮಾತಿನವನಲ್ಲ. ಕಾರನ್ನು ಮೇಲಕ್ಕೆತ್ತಿ ನನ್ನನ್ನು ಅದರ ಅಡಿಗೆ ಕರೆದ. ಎರಡು ವರ್ಷ ಓಡಿಸಿದ ಕಾರಿನ ಅಡಿಯನ್ನು ನಾನು ನೋಡಿದ್ದು ಅವತ್ತೇ. ಚಕ್ರ ತಿರುಗಿಸುವ ಕಂಬಿಗೆ ಹುರುಳಿ ಬಳ್ಳಿ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ಸುಟ್ಟು ಕರಿಯಾಗಿದ್ದರೂ ಬಿಡಿಸಲು ಬರುತ್ತಿರಲಿಲ್ಲ. ಅವನು ಟಾರ್ಚ್ ಹಾಕಿ ಸೈಲೆನ್ಸರ್ ಪೈಪಿನ ಹತ್ತಿರ ನಾಲ್ಕು ಬೋಲ್ಟಿನ ತೂತು ತೋರಿಸಿದ. ಅಲ್ಲಿ ಬಿಸಿ ತಡೆಯಲು ಒಂದು ತಗಡು ಇರಬೇಕಂತೆ. ಹಳೆಯದಾದರೆ ಅದು ಸಡಿಲವಾಗಿ ಗಲಗಲ ಶಬ್ದ ಮಾಡುತ್ತದೆ. ಶಬ್ದ ಬರುತ್ತೆ ಎಂದು ಗಿರಾಕಿ ಹೇಳಿದರೆ, ಸರಿಮಾಡುವ ಬದಲು ಕಿತ್ತೇ ಎಸೆಯುವವರಿದ್ದಾರೆ. ಗಿರಾಕಿಗೂ ಖುಷಿ, ಶಬ್ದ ಹೋಯಿತು. ಅದರ ಜೊತೆಗೆ ಇಂಜಿನ್ನಿನ ಕೆಳಗೆ ಎಣ್ಣೆ ಜಿನುಗಿ ಜಿಡ್ಡು ಗಟ್ಟಿಯಾಗಿ ಕೂತಿತ್ತು.

ಓಡುವಾಗ ಹೊತ್ತಿಕೊಳ್ಳದ ಬೆಂಕಿ ನಿಂತಮೇಲೆ ಯಾಕೆ ಹೊತ್ತಿಕೊಂಡಿತು ಎಂದು ಕೇಳಿದೆ.

"ಓಡ್ತಿದ್ರೆ ಗಾಳಿ ಬಿಸೀನ ಎಳ್ಕೊಂಡ್ ಹೋಗ್ತಿರುತ್ತೆ ಮೇಡಂ. ನಿಂತ್ರೆ ಬಿಸಿ ಅಲ್ಲೇ ಕೂರುತ್ತೆ. ನೀವು ಒಲೆ ಮೇಲೆ ಹುಲ್ಲಿಟ್ಟು ಮಾತಾಡಕ್ಕೆ ಹೋಗಿದೀರಾ ಅಷ್ಟೇ."

ಅವನು ಆಮೇಲೆ ಹೇಳಿದ್ದನ್ನು ಈಗ ಕಾರು ಕೊಳ್ಳುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಎದ್ದು ಹೋಗುವಷ್ಟು ಹೇಳಿದ್ದೇನೆ. ರಸ್ತೆಯಲ್ಲಿ ಹುರುಳಿಯೋ ರಾಗಿ ಹುಲ್ಲೋ ಹಾಸಿದ್ದರೆ ಪಕ್ಕಕ್ಕೆ ಇಳಿಸಿ ಹೋಗಿ, ಬಿಂಕ ಎಂದರೆ ಎನ್ನಲಿ. ಪಕ್ಕಕ್ಕೆ ಜಾಗವೇ ಇಲ್ಲದಿದ್ದರೆ ನಡುವೆ ನಿಲ್ಲಿಸದೆ ದಾಟಿ, ಬರಿಯ ನೆಲ ಸಿಕ್ಕ ಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ, ಬಗ್ಗಿ ನೋಡಿ. ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆಯಿರಿ. ಹೊಗೆ ಬರುತ್ತಿದ್ದರೆ ಏನನ್ನೂ ಎಳೆಯಬೇಡಿ, ಮೊದಲು ದೂರ ಹೋಗಿ.

ಬಗ್ಗಿ ನೋಡುವ ಬುದ್ಧಿ ಕೊಳ್ಳುವ ದಿನವೇ ಇರಬೇಕಿತ್ತು. ಆ ಕಾರನ್ನು ಗುಬ್ಬಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಂದ ಕೊಂಡೆ. ಏಳು ವರ್ಷದ ಕಾರು, ಬಿಳಿ ಬಣ್ಣ, ಒಬ್ಬರದೇ ಕೈ. ಒಳ್ಳೆಯ ಜನ, ಸುಳ್ಳು ಹೇಳಲಿಲ್ಲ. ನಾವೇ ಕೇಳಲಿಲ್ಲ. ನಾನು, ಅಮ್ಮ, ನಮ್ಮ ಕಾಲೇಜಿನ ಒಬ್ಬ ಸಹೋದ್ಯೋಗಿ ಹೋಗಿದ್ದೆವು. ಸಹೋದ್ಯೋಗಿ ಬಾನೆಟ್ ಎತ್ತಿ, ಒಳಗೆ ನೋಡಿ, ಮುಚ್ಚಿದರು. ಅಮ್ಮ ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಐದು ಬಂತು ಎಂದು ಒಪ್ಪಿದಳು. ನಾನು ಏಸಿ ಹಾಕಿ ನೋಡಿದೆ, ಹಾಡು ಹಾಕಿ ನೋಡಿದೆ, ಸೀಟಿನ ಬಟ್ಟೆ ಮುಟ್ಟಿ ನೋಡಿದೆ. ನಾವು ಬರುವ ಹೊತ್ತಿಗೆ ಅವರು ಕಾರನ್ನು ತೊಳೆದು, ಒಂದು ಸುತ್ತು ಓಡಿಸಿ ಬೆಚ್ಚಗೆ ಮಾಡಿ ನಿಲ್ಲಿಸಿದ್ದರು. ಅದು ಮರ್ಯಾದೆ ಎಂದುಕೊಂಡೆವು. ಮರುವಾರ ದೇವಸ್ಥಾನದ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ನಿಂಬೆಹಣ್ಣು ಇಡಲು ನಾನು ನಾಲ್ಕು ಸಲ ನೆಲಕ್ಕೆ ಬಗ್ಗಿದ್ದೆ. ಒಮ್ಮೆಯೂ ಕಾರಿನ ಅಡಿಗೆ ಕಣ್ಣು ಹೋಗಲಿಲ್ಲ.

ಬೇರೆಯವರ ಕಾರು ಕೊಳ್ಳಲು ಹೋಗುವವರು ಬೆಳಿಗ್ಗೆ ಹೋಗಿ. ಇಂಜಿನ್ ತಣ್ಣಗಿದೆಯೇ ಎಂದು ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಅದರ ನಿಜವಾದ ಕೆಮ್ಮು ಕೇಳಿಸುತ್ತದೆ. ಕಾರು ತೊಳೆಯಬೇಡಿ ಎಂದು ಹಿಂದಿನ ದಿನವೇ ಹೇಳಿ, ತಪ್ಪು ತಿಳಿದುಕೊಂಡರೂ ಪರವಾಗಿಲ್ಲ. ಅದು ನಿಂತಿದ್ದ ಜಾಗದ ನೆಲ ನೋಡಿ, ಎಣ್ಣೆಯ ಕಲೆ ಇದೆಯೇ ಎಂದು. ಮುಂದಿನ ಸೀಟಿನಲ್ಲಷ್ಟೇ ಅಲ್ಲ, ನಾಲ್ಕು ಸೀಟಿನಲ್ಲೂ ಕೂತು, ಬಾಗಿಲು ಹಾಕಿಸಿಕೊಂಡು, ಒಳಗಿನಿಂದ ನೀವೇ ತೆಗೆದು ಇಳಿಯಿರಿ. ಹಾಗೆ ಮಾಡಿದ್ದರೆ ಗುಬ್ಬಿಯಲ್ಲೇ ಆ ಚೈಲ್ಡ್ ಲಾಕ್ ಗೊತ್ತಾಗುತ್ತಿತ್ತು. ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಎತ್ತಿಸಿ ಅಡಿ ನೋಡಿ. ಕೊಡುವವರು ಬೇಡ ಎಂದರೆ ಬಂದ ದಾರಿಗೆ ಹಿಂದಿರುಗಿ. ಕೊಂಡಮೇಲೆ ಸರ್ವೀಸಿಗೆ ಬಿಟ್ಟು ಸಂಜೆ ಹೋಗಿ ತರುವ ಬದಲು ಅರ್ಧ ಗಂಟೆ ಅಲ್ಲೇ ನಿಲ್ಲಿ. ಏನು ಬಿಚ್ಚಿದರು, ಬಿಚ್ಚಿದ್ದನ್ನು ಮತ್ತೆ ಹಾಕಿದರೇ ಎಂದು ಕೇಳಿ. ಶಬ್ದ ನಿಂತಿತು ಎಂದರೆ ಯಾಕೆ ನಿಂತಿತು ಎಂದು ಕೇಳಿ.

ಇಷ್ಟೆಲ್ಲ ಕಲಿತೆ. ಕಲಿತಿದ್ದರಿಂದ ನಿದ್ದೆ ಬರಲಿಲ್ಲ. ಮಲಗಿದ ಒಂದೆರಡು ಗಂಟೆಗೆ ಎಚ್ಚರವಾಗುತ್ತಿತ್ತು. ಬಲಗೈ ಹೆಬ್ಬೆರಳು ಹಾಸಿಗೆಯನ್ನು ಒತ್ತುತ್ತಿರುತ್ತಿತ್ತು. ಅಮ್ಮನ ಕೋಣೆಯಿಂದಲೂ ಮಗ್ಗುಲು ಬದಲಿಸುವ ಸದ್ದು, ಲೋಟದ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಇಬ್ಬರೂ ಚೆನ್ನಾಗಿ ಮಲಗಿದ್ದೆ ಎಂದು ಹೇಳಿಕೊಳ್ಳುತ್ತಿದ್ದೆವು. ಕಾಲೇಜಿನಲ್ಲಿ ಎರಡನೆಯ ಪೀರಿಯಡ್ಡಿಗೇ ಕಾಲು ಎಳೆಯುತ್ತಿದ್ದವು.

ಇಪ್ಪತ್ತು ದಿನಕ್ಕೆ ಕಾರು ಬಂತು. ಹೊಸ ತಗಡು, ಹೊಸ ವೈರು, ಹೊಸ ಗಾಜು. ಮೆಕ್ಯಾನಿಕ್ ಹಿಂದಿನ ಬಾಗಿಲ ಕೊಂಡಿಯನ್ನೂ ತಿರುಗಿಸಿ ಚೈಲ್ಡ್ ಲಾಕ್ ತೆಗೆದಿದ್ದ. ಕೀ ಕೊಡುವಾಗ ನನ್ನ ಮುಖ ನೋಡದೆ ಕೇಳಿದ.

"ಬರೀ ಚೈಲ್ಡ್ ಲಾಕ್ ಆಗಿದ್ರೆ ಹೊರಗಿಂದ ತೆಗೀಬಹುದಿತ್ತಲ್ಲ ಮೇಡಂ. ಗಾಜು ಯಾಕೆ ಒಡೆದ್ರು?"

ನಾನು ಬಿಲ್ಲಿನ ದುಡ್ಡು ಎಣಿಸಿ ಕೊಟ್ಟೆ. ನಿಜ ಗೊತ್ತಿರುವವನು ಈಗ ಒಬ್ಬನಾದ ಎಂದುಕೊಂಡು ಗಾಡಿ ಓಡಿಸಿಕೊಂಡು ಬಂದೆ.

ಅಮ್ಮ ಆ ಕಾರನ್ನು ಹತ್ತಲಿಲ್ಲ. ಹತ್ತುವುದಿಲ್ಲ ಎಂದೂ ಹೇಳಲಿಲ್ಲ. ಮಂಡಿಯ ವ್ಯಾಯಾಮಕ್ಕೆ ವಾರಕ್ಕೆ ಎರಡು ಸಲ ಫಿಸಿಯೋಥೆರಪಿಯವರ ಹತ್ತಿರ ಹೋಗಬೇಕು. ನಾನು ಕಾರು ಹೊರಗೆ ತೆಗೆಯುವಷ್ಟರಲ್ಲಿ ಗೇಟಿನಾಚೆ ಆಟೋ ನಿಂತಿರುತ್ತಿತ್ತು. ಆಟೋದಲ್ಲಿ ಗಾಳಿ ಬರುತ್ತೆ ಎನ್ನುತ್ತಿದ್ದಳು. ಪ್ರತಿ ಹಳ್ಳಕ್ಕೂ ಮಂಡಿ ಹಿಡಿದುಕೊಂಡು ಬಂದು, ಸಂಜೆ ಊದಿದ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದಳು. ಫಿಸಿಯೋಥೆರಪಿಯವರು ಹೀಗೆ ಆಟೋದಲ್ಲಿ ಕುಲುಕಿಸಿದರೆ ಮಾಡಿದ್ದೆಲ್ಲ ವ್ಯರ್ಥ, ಮಂಡಿ ಹೀಗೇ ಉಳಿಯುತ್ತೆ ಎಂದು ನನಗೆ ಎಚ್ಚರಿಕೆ ಕೊಟ್ಟರು. ಕಾರು ಮಾರಿ ಬೇರೆ ಕೊಳ್ಳೋಣವೇ ಎಂದರೆ, ಇದಕ್ಕೇನಾಗಿದೆ, ಸುಮ್ನೆ ಬುಡು ಎಂದಳು. ಬೆಂಕಿಯ ಭಯ ಎಂದುಕೊಂಡು ಸೀಟಿನ ಅಡಿಗೆ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ತಂದಿಟ್ಟೆ, ಗಾಜು ಒಡೆಯುವ ಸುತ್ತಿಗೆ ತಂದಿಟ್ಟೆ. ತೋರಿಸಿದೆ. ನೋಡಿ, ಚೆನ್ನಾಗಿದೆ ಎಂದು ಆಟೋ ಹತ್ತಿದಳು.

ಹುಣಸೆಹಣ್ಣಿನ ಕಾಲ ಬಂತು. ಒಂದು ಮಧ್ಯಾಹ್ನ ಅಮ್ಮ ಕುರ್ಚಿಯಲ್ಲಿ ಕೂತು, ಮುಂದಿನ ಸ್ಟೂಲಿನ ಮೇಲೆ ಪೇಪರು ಹರಡಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ನಾನೂ ಒಂದು ಹಿಡಿ ಎತ್ತಿಕೊಂಡು ಎದುರಿಗೆ ಕೂತೆ. ಎಷ್ಟೋ ದಿನದಿಂದ ಹೇಳಲು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ಅಮ್ಮ, ಅವತ್ತು ಕಾರು ಲಾಕ್ ಮಾಡಿದ್ದು ನಾನೇ."

"ಗೊತ್ತು," ಎಂದಳು. ಕೈ ನಿಲ್ಲಲಿಲ್ಲ.

ಹೇಗೆ ಗೊತ್ತು ಎಂದೆ.

"ಕುಂಯ್ ಅಂತಲ್ವೇನೇ ಅದು. ನಾನೇನ್ ಕಿವುಡೀನಾ? ಎರಡ್ ಸಲ ಅಂತು."

ಹಾಗಾದರೆ ಎಲ್ಲರ ಹತ್ತಿರವೂ ಚೈಲ್ಡ್ ಲಾಕ್ ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ಅಮ್ಮ ಆಗ ತಲೆಯೆತ್ತಿದಳು.

"ಇನ್ನೇನ್ ಹೇಳ್ಲಿ? ನನ್ ಮಗ್ಳೇ ಬೀಗ ಹಾಕಿದ್ಲು ಅಂತ ನಿನ್ ಚಿಕ್ಕಮ್ಮನ್ ಹತ್ರ ಹೇಳ್ಲಾ? ಅವ್ಳ ಬಾಯಿಗೆ ಬಿದ್ರೆ ಬೇಕೂಂತ್ಲೇ ಹಾಕಿದ್ಲು ಅನ್ನೋವರ್ಗೂ ಹೋಗುತ್ತೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಮ್ಮ ನೋಡದವಳ ಹಾಗೆ ಬೀಜ ತೆಗೆಯುತ್ತ ಕೂತಳು. ಅಳು ನಿಂತ ಮೇಲೆ, ನನ್ನ ಮೇಲಿನ ಕೋಪಕ್ಕೆ ಕಾರು ಹತ್ತುತ್ತಿಲ್ಲವೇ ಎಂದು ಕೇಳಿದೆ.

"ಕೋಪ ಎಂಥದ್ದು. ಆ ಬಾಗ್ಲು ನನ್ ಕೈಲಿಲ್ಲ ಕಣೇ. ಎಳೆದೆ, ಎಳೆದೆ, ಬರ್ಲಿಲ್ಲ. ನೀನು ಹೊರಗೆ, ಕೀ ಹೊರಗೆ. ಆಟೋಗೆ ಬಾಗ್ಲೇ ಇಲ್ಲ, ಬೇಡಾಂದ್ರೆ ಇಳೀತೀನಿ."

ಮೂರು ತಿಂಗಳು ನಾನು ಬೆಂಕಿಯ ಬಗ್ಗೆ, ತಗಡಿನ ಬಗ್ಗೆ, ನನ್ನ ಹೆಬ್ಬೆರಳಿನ ಬಗ್ಗೆ ಯೋಚಿಸಿದ್ದೆ. ಒಳಗೆ ಕೂತವಳಿಗೆ ಬೇಕಾದದ್ದು ಏನು ಎಂದು ಕೇಳಿರಲಿಲ್ಲ.

ಮೇಷ್ಟ್ರು ನಮಗೆ ಕೊಟ್ಟಿದ್ದು ಒಂದೇ ಕೀ. ಇನ್ನೊಂದು ಎಲ್ಲೋ ಕಳೆದಿತ್ತಂತೆ, ನಾನೂ ಆಮೇಲೆ ಮಾಡಿಸಿದರಾಯಿತು ಎಂದು ಬಿಟ್ಟಿದ್ದೆ. ಮರುದಿನವೇ ಹೋಗಿ ಎರಡನೆಯ ಕೀ ಮಾಡಲು ಕೊಟ್ಟೆ. ಬರಲು ಒಂಬತ್ತು ದಿನ ಹಿಡಿಯಿತು. ಎರಡೂ ಕೀ ಇಲ್ಲದೆ ಕಾರು ಕೊಳ್ಳಬೇಡಿ ಎನ್ನುವುದನ್ನೂ ಮೇಲಿನ ಮಾತುಗಳಿಗೆ ಸೇರಿಸಿಕೊಳ್ಳಿ. ಒಂದು ಕಾರಿನಲ್ಲಿ ಇಬ್ಬರು ಹೋಗುವುದಾದರೆ ಇಬ್ಬರ ಕೈಯಲ್ಲೂ ಇರಲಿ.

ಕೀಯನ್ನು ಅಮ್ಮನ ಕೈಗೆ ಕೊಟ್ಟೆ. ತೆರೆಯುವ ಗುಂಡಿಯ ಮೇಲೆ ಉಗುರು ಬಣ್ಣದಿಂದ ಒಂದು ಕೆಂಪು ಚುಕ್ಕಿ ಇಟ್ಟಿದ್ದೆ. ಅಮ್ಮ ಮೊದಲು ಹೊರಗೆ ನಿಂತು ಒತ್ತಿ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಬಂದು ಹಿಂದಿನ ಸೀಟಿಗೆ ಹತ್ತಿ, ಕಾಲು ಚಾಚಿ, ಬಾಗಿಲು ಹಾಕು ಎಂದಳು. ಹಾಕಿದೆ. ನೀನು ಲಾಕ್ ಮಾಡು ಎಂದು ಕೈಸನ್ನೆ ಮಾಡಿದಳು. ನನ್ನ ಬೆರಳು ಏಳಲಿಲ್ಲ. ಅವಳು ಗಾಜಿನ ಮೇಲೆ ಬಡಿದು ಮತ್ತೆ ಸನ್ನೆ ಮಾಡಿದಳು. ಒತ್ತಿದೆ, ಕುಂಯ್ ಎಂದಿತು. ಒಳಗಿನಿಂದ ಅವಳು ಒತ್ತಿದಳು, ಲಾಕ್ ಬಿಟ್ಟಿತು. ಹಿಡಿ ಎಳೆದಳು, ಬಾಗಿಲು ತೆರೆಯಿತು. ಮುಚ್ಚು ಎಂದಳು. ಹೀಗೆ ಹತ್ತು ಹನ್ನೆರಡು ಸಲ ನಡೆಯಿತು. ಎದುರು ಮನೆಯಾಕೆ ಕಾರು ಕೆಟ್ಟಿದೆಯಾ ಎಂದು ಕೇಳಿದರು. ಅಮ್ಮ ಬಾಗಿಲ ಸಂದಿಯಿಂದ, ಇಲ್ಲ ಕಣಮ್ಮ, ಡ್ರೈವರ್‌ಗೆ ಟ್ರೇನಿಂಗ್ ಕೊಡ್ತಾ ಇದೀನಿ ಎಂದಳು.

ಅವತ್ತು ಗುರುವಾರ, ಫಿಸಿಯೋಥೆರಪಿಯ ದಿನ. ಆಟೋ ಬಂದಿತ್ತು, ಅಮ್ಮ ಬೇಡ ಎಂದು ಕಳಿಸಿದಳು. ಎರಡು ಕಿಲೋಮೀಟರ್ ದಾರಿ. ಹೊರಡುವ ಮೊದಲು ನಾನು ನೆಲಕ್ಕೆ ಬಗ್ಗಿ ಕಾರಿನ ಅಡಿ ನೋಡಿದೆ. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಬಾಗಿಲು ಲಟಕ್ಕೆಂದು ತೆರೆದು ಮತ್ತೆ ಮುಚ್ಚಿದ ಸದ್ದು ಬಂತು. ಹಾಗೆ ನಡುರಸ್ತೆಯಲ್ಲಿ ತೆಗೆಯಬಾರದು ಎಂದೆ. ಗೊತ್ತು, ನೋಡಿದೆ ಅಷ್ಟೇ ಎಂದಳು. ವಾಪಸು ಬರುವಾಗ ಒಮ್ಮೆಯೂ ತೆಗೆಯಲಿಲ್ಲ. ಮನೆ ಮುಟ್ಟಿದಾಗ ಕೀ ಹಿಡಿದ ಕೈ ಮಡಿಲಲ್ಲಿಟ್ಟುಕೊಂಡು ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದಳು. ಎಬ್ಬಿಸಲು ಮನಸ್ಸಾಗದೆ, ಕಿಟಕಿಗಳನ್ನೆಲ್ಲ ಇಳಿಸಿ, ನಾನೂ ಮುಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತೆ.

ಶುಕ್ರವಾರ ನನಗೆ ಎಚ್ಚರವಾದಾಗ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಏಳೂ ಇಪ್ಪತ್ತು. ಏಳೂವರೆಗೆ ಶುರುವಾಗುವ ಬೇಸಿಗೆಯ ಸಿಇಟಿ ತರಗತಿಯ ಮೊದಲ ಪೀರಿಯಡ್ಡು ತಪ್ಪುವುದು ಖಚಿತವಾಗಿತ್ತು. ಹಾಲಿನ ಪ್ಯಾಕೆಟ್ಟು ಗೇಟಿಗೆ ನೇತುಹಾಕಿದಲ್ಲೇ ಇತ್ತು. ಅಂದರೆ ಅಮ್ಮನೂ ಎದ್ದಿರಲಿಲ್ಲ; ಅವಳ ಕೋಣೆಯಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು.